ಪೇಪರಿನಲ್ಲಿ ಕಟ್ಟಡ ಕೆಲಸ ಜೋರು, ನಮ್ಮ ಗೋದಾಮಿನಲ್ಲಿ ಸಿಮೆಂಟ್ ಗಟ್ಟಿ

ಬೈಪಾಸ್ ಅಂಗಡಿ
ಹುಬ್ಬಳ್ಳಿಯಲ್ಲಿ ನಮ್ಮದು ಸಿಮೆಂಟ್, ಕಬ್ಬಿಣದ ಅಂಗಡಿ. ಅಪ್ಪ ಶುರು ಮಾಡಿದ್ದು. ನಿನ್ನೆ ಗೋದಾಮು ಗುಡಿಸುವಾಗ ಗೋಡೆ ಪಕ್ಕದ 38 ಚೀಲ ಗಟ್ಟಿಯಾಗಿರುವುದು ಕಂಡಿತು. ತಪ್ಪು ನಂದೇ. ಹಲಗೆ ಹಾಕಿದ್ದೆ, ಆದರೆ ಚೀಲಗಳನ್ನು ಗೋಡೆಗೆ ತಾಗಿಸಿ ಇಟ್ಟಿದ್ದೆ. ಮಳೆಗಾಲದಲ್ಲಿ ಗೋಡೆ ಬೆವರಿದೆ. ಮೊದಲೆಲ್ಲ ಒಂದು ಲೋಡ್ ಮೂರು ವಾರ ನಿಲ್ಲುತ್ತಿರಲಿಲ್ಲ. ಗೋಡೆಗೆ ಬೆವರಲು ಪುರುಸೊತ್ತೇ ಸಿಗುತ್ತಿರಲಿಲ್ಲ!

ಪೇಪರ್ ತೆಗೆದರೆ ಬೇರೆ ಲೋಕ. 2024-25ರಲ್ಲಿ ದೇಶದ ಕಟ್ಟಡ ನಿರ್ಮಾಣ ಕ್ಷೇತ್ರ 9.4% ಬೆಳೆದಿದೆ ಎಂದು ಸರ್ಕಾರದ ತಾತ್ಕಾಲಿಕ ಅಂದಾಜು. ಎಂಟು ದೊಡ್ಡ ಊರುಗಳಲ್ಲಿ 2024ರಲ್ಲಿ ಸುಮಾರು 3.5 ಲಕ್ಷ ಮನೆ ಮಾರಾಟವಾದವಂತೆ. ಸಿಮೆಂಟ್ ತಯಾರಿಸುವುದರಲ್ಲಿ ಚೀನಾ ಬಿಟ್ಟರೆ ನಾವೇ. ಹಾಗಾದರೆ ನನ್ನ ಕೌಂಟರ್ ಮುಂದೆ ನೊಣ ಯಾಕೆ?

ಕೇಳಲು ಕಾರಣವಿದೆ. ಪಕ್ಕದ ಗೋದಾಮು ಬಾಡಿಗೆಗೆ ಬಂದಿದೆ. "ದೇಶವೆಲ್ಲ ಬೆಳೆಯುತ್ತಿದೆ, ಹಿಡಿದುಬಿಡು" ಎಂದು ತಮ್ಮ ಬೆನ್ನು ಹತ್ತಿದ್ದಾನೆ. ಹಿಡಿಯಲೋ ಬೇಡವೋ?

ಗಿರ್ಮಿಟ್ ಗಿರಾಕಿ
ಅಣ್ಣಾ, ಈಗ ಧನುರ್ಮಾಸ. ಸಂಕ್ರಾಂತಿ ಮುಗಿಯಲಿ, ಪಾಯಾಪೂಜೆಗೆ ಐನೋರೇ ಸಿಗುವುದಿಲ್ಲ ನೋಡಿ.

ಬೈಪಾಸ್ ಅಂಗಡಿ
ಆಷಾಢದಲ್ಲೂ ಇದನ್ನೇ ಹೇಳಿದ್ದರು. ಆಮೇಲೆ ಮಳೆ ನಿಲ್ಲಲಿ ಎಂದರು. ಆಮೇಲೆ ದೀಪಾವಳಿ ಎಂದರು.

ನವನಗರ ನಿವಾಸಿ
ಈ ಅಂಕಿಗಳೆಲ್ಲ ಸುಳ್ಳು. ಎಸಿ ರೂಮಿನಲ್ಲಿ ಕೂತು ಬರೆಯುತ್ತಾರೆ.

ಇಂಜಿನಿಯರ್ ಕಾಕಾ
ಸುಳ್ಳಲ್ಲ ತಮ್ಮಾ. ಆದರೆ ಆ ಅಂಕಿಯ ಒಳಗೆ ಏನೇನಿದೆ ಎಂದು ನೋಡಬೇಕು. ಕಟ್ಟಡ ನಿರ್ಮಾಣ ಎಂದರೆ ಬರೀ ಮನೆಯಲ್ಲ. ಹೆದ್ದಾರಿ, ರೈಲು, ಸೇತುವೆ, ಮೆಟ್ರೋ, ಕಾಲುವೆ ಎಲ್ಲ ಅದರಲ್ಲೇ. ಕೇಂದ್ರ ಬಜೆಟ್ ಬಂಡವಾಳ ವೆಚ್ಚಕ್ಕೆಂದು 2025-26ಕ್ಕೆ ಇಟ್ಟಿದ್ದು 11.21 ಲಕ್ಷ ಕೋಟಿ ರೂಪಾಯಿ. ಕಟ್ಟಡ ಕೆಲಸಕ್ಕೆ ದೊಡ್ಡ ಜೋರು ಬಂದಿರುವುದು ಅಲ್ಲಿಂದ.

ಇನ್ನು ನಿಮ್ಮ ಅಂಗಡಿ ವಿಷಯ. ಸಿಮೆಂಟ್ ಕಂಪನಿಗಳು ಮಾರುವುದು ಎರಡು ದಾರಿಯಲ್ಲಿ. ಒಂದು ಟ್ರೇಡ್, ಅಂದರೆ ನಿಮ್ಮಂಥ ಡೀಲರ್ ಮೂಲಕ ಚೀಲದ ಲೆಕ್ಕದಲ್ಲಿ. ಇನ್ನೊಂದು ನಾನ್-ಟ್ರೇಡ್. ದೊಡ್ಡ ಗುತ್ತಿಗೆದಾರರಿಗೆ, ಕಾಂಕ್ರೀಟ್ ಕಲಸಿ ಕಳಿಸುವ ರೆಡಿಮಿಕ್ಸ್ ಘಟಕಗಳಿಗೆ ಕಂಪನಿಯಿಂದ ನೇರವಾಗಿ, ಹಲವು ಸಲ ಚೀಲವಿಲ್ಲದೆ ಬಲ್ಕರ್ ಎಂಬ ಟ್ಯಾಂಕರ್ ಲಾರಿಯಲ್ಲಿ. ಚೆನ್ನಮ್ಮ ಸರ್ಕಲ್ ಫ್ಲೈಓವರ್‌ನ ಕಾಂಕ್ರೀಟ್‌ಗೆ ಯಾರೂ ನಿಮ್ಮ ಅಂಗಡಿಗೆ ಬಂದು "50 ಚೀಲ ಕೊಡ್ರಿ" ಎನ್ನುವುದಿಲ್ಲ. ದೇಶದ ಬೆಳವಣಿಗೆ ನಿಮ್ಮ ಅಂಗಡಿ ಮುಂದೆಯೇ ಮಿಕ್ಸರ್ ಲಾರಿಯಲ್ಲಿ ತಿರುಗುತ್ತಾ ಹೋಗುತ್ತಿದೆ, ಒಳಗೆ ಬರುತ್ತಿಲ್ಲ, ಅಷ್ಟೇ.

ಗಿರ್ಮಿಟ್ ಗಿರಾಕಿ
ಫ್ಲೈಓವರ್ ಹೆಸರು ತೆಗೆಯಬೇಡಿ ಕಾಕಾ. ಅದರ ಧೂಳು ತಿಂದು ತಿಂದು ಗಿರ್ಮಿಟ್‌ಗೆ ಪುಟಾಣಿ ಹಿಟ್ಟು ಹಾಕಿದ್ದಾರೋ ಸಿಮೆಂಟ್ ಹಾಕಿದ್ದಾರೋ ಗೊತ್ತಾಗುತ್ತಿಲ್ಲ.

ಬೆಂಗಳೂರಿನ ಮಾಳಮಡ್ಡಿ ಹುಡುಗಿ
ಆ 3.5 ಲಕ್ಷ ಮನೆ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಇಲ್ಲಿ ಹುಡುಕಿ ಹುಡುಕಿ ಸಾಕಾಗಿದೆ. ಆ ಲೆಕ್ಕದ ಎಂಟು ಊರು ಎಂದರೆ ಮುಂಬೈ, ದೆಹಲಿ ಸುತ್ತಮುತ್ತ, ಬೆಂಗಳೂರು, ಪುಣೆ, ಹೈದರಾಬಾದ್, ಚೆನ್ನೈ, ಕೋಲ್ಕತ್ತಾ, ಅಹಮದಾಬಾದ್. ಹುಬ್ಬಳ್ಳಿ-ಧಾರವಾಡ ಅದರಲ್ಲಿ ಇಲ್ಲವೇ ಇಲ್ಲ. ಆ ಎಂಟರಲ್ಲೂ ಏರುತ್ತಿರುವುದು ಕೋಟಿ ದಾಟಿದ ಫ್ಲ್ಯಾಟ್‌ಗಳ ಪಾಲು. 50 ಲಕ್ಷದ ಒಳಗಿನವು ವರ್ಷದಿಂದ ವರ್ಷಕ್ಕೆ ಕಡಿಮೆ. ಬಿಲ್ಡರ್‌ಗೆ ಅದೇ ಜಾಗ, ಅದೇ ಲಿಫ್ಟ್. ದುಬಾರಿ ಮನೆಯಲ್ಲೇ ಲಾಭ ಜಾಸ್ತಿ ಇದ್ದರೆ ಸಣ್ಣದು ಯಾಕೆ ಕಟ್ಟುತ್ತಾನೆ?

2019ರ ಏಪ್ರಿಲ್‌ನಿಂದ "ಕೈಗೆಟುಕುವ ಮನೆ"ಗೆ ಜಿಎಸ್‌ಟಿ 1%, ಉಳಿದವಕ್ಕೆ 5%. ಕೈಗೆಟುಕುವುದು ಎನ್ನಲು ಬೆಲೆ 45 ಲಕ್ಷ ಮೀರಬಾರದು. ಆ 45 ಇನ್ನೂ 45ರಲ್ಲೇ ಕೂತಿದೆ. ಬೆಂಗಳೂರಿನಲ್ಲಿ ಆ ಬೆಲೆಗೆ ಮನೆ ಸಿಕ್ಕರೆ ನನಗೂ ತಿಳಿಸಿ, ಪೇಢೆ ತಂದುಕೊಡುತ್ತೇನೆ.

ನವನಗರ ನಿವಾಸಿ
ಅಕ್ಕಾ, ನಮ್ಮಲ್ಲೂ ಈಗ ಸೈಟು ಸೇರಿದರೆ 45ಕ್ಕೆ ಏನೂ ಬರುವುದಿಲ್ಲ. ಪ್ಲಾಟಿನ ರೇಟೇ ಮನೆಯನ್ನು ನುಂಗಿಬಿಟ್ಟಿದೆ. ಪ್ಲಾಟ್ ಕೊಂಡವನ ಕೈಯಲ್ಲಿ ಪಾಯಾ ಹಾಕಲು ದುಡ್ಡು ಉಳಿಯುವುದಿಲ್ಲ. ನಮ್ಮ ಓಣಿಯಲ್ಲಿ ಆರು ಪ್ಲಾಟ್ ಖಾಲಿ. ಆರರಲ್ಲೂ ಕಾಂಗ್ರೆಸ್ ಗಿಡ ಎದೆ ಮಟ್ಟ ಬೆಳೆದಿದೆ. ಮಾಲೀಕರು ಒಬ್ಬರು ಪುಣೆ, ಒಬ್ಬರು ದುಬೈ.

ಸಾಲದ ಕೌಂಟರ್
ಬ್ಯಾಂಕಿನಲ್ಲಿ ಕೆಲಸ, ಯಾವುದು ಎನ್ನುವುದು ಬೇಡ. ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕ್ ನಮ್ಮಂಥ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, 2025ರಲ್ಲಿ ನಾಲ್ಕು ಸಲ ಇಳಿಯಿತು. 6.5 ಇದ್ದದ್ದು ಡಿಸೆಂಬರ್‌ಗೆ 5.25. ಸಾಲ ಅಗ್ಗವಾದರೆ ಜನ ನುಗ್ಗುತ್ತಾರೆ ಎಂದುಕೊಂಡಿದ್ದೆವು. 30 ಲಕ್ಷ ಸಾಲ, 20 ವರ್ಷ: ಬಡ್ಡಿ 8.5% ಇದ್ದರೆ ಕಂತು ಸುಮಾರು 26,035. ಅದೇ 7.5% ಆದರೆ 24,168. ತಿಂಗಳಿಗೆ 1,900ರ ಹತ್ತಿರ ಉಳಿತಾಯ. ಒಳ್ಳೆಯದೇ. ಆದರೆ ಬರುವವರಲ್ಲಿ ಅರ್ಧ ಜನ ಹಳೆ ಸಾಲವನ್ನು ಕಡಿಮೆ ಬಡ್ಡಿಗೆ ಬದಲಾಯಿಸಿಕೊಳ್ಳಲು ಬರುವವರು. ಹೊಸದಾಗಿ ಕಟ್ಟಿಸುವವರ ಕಡತ ಬಂದರೆ ಕಾಗದದಲ್ಲಿ ಸಿಕ್ಕಿಬೀಳುತ್ತದೆ. ಗುಂಟೆ ಲೆಕ್ಕದಲ್ಲಿ ಕೊಂಡ ಜಾಗ, ಎನ್‌ಎ (ಕೃಷಿಯೇತರ ಜಮೀನು ಎಂಬ ಬದಲಾವಣೆ) ಆಗಿಲ್ಲ, ಇ-ಖಾತಾ (ಆಸ್ತಿಯ ಆನ್‌ಲೈನ್ ದಾಖಲೆ) ಇಲ್ಲ. ನಾವೇನು ಮಾಡೋಣ ಹೇಳಿ.

ನವನಗರ ನಿವಾಸಿ
ಸಿಮೆಂಟ್ ಮೇಲಿನ ಜಿಎಸ್‌ಟಿ ಇಳಿಸಿದರಲ್ಲ, 10% ಅಗ್ಗ. ಆದರೂ ಅಂಗಡಿಯವರು ಕಡಿಮೆ ಮಾಡಿದ್ದು 20-30 ರೂಪಾಯಿ. ಉಳಿದದ್ದು ಎಲ್ಲಿ ಹೋಯಿತು ಅಂಗಡಿಯಣ್ಣಾ?

ಬೈಪಾಸ್ ಅಂಗಡಿ
ಬಂತು ನೋಡಿ, ಕೊನೆಗೆ ಕಳ್ಳ ನಾನೇ.

ಸಪ್ತಾಪುರ ಸರ್
ಜಗಳ ಬೇಡ, ಲೆಕ್ಕ ಮಾಡೋಣ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಚೀಲ 380 ಇತ್ತು ಎಂದುಕೊಳ್ಳಿ. ಅದರಲ್ಲಿ ತೆರಿಗೆ ಬಿಟ್ಟ ಬೆಲೆ 297. ಅದಕ್ಕೆ 18 ಸೇರಿಸಿದರೆ 350. ಅಂದರೆ ಇಳಿಯಬೇಕಾದದ್ದೇ 30 ರೂಪಾಯಿ, 10% ಅಲ್ಲ, 8% ಆಸುಪಾಸು. ಅಂಗಡಿಯವರು ಆ 30 ಕೊಟ್ಟಿದ್ದರೆ ಪೂರ್ತಿ ಕೊಟ್ಟ ಹಾಗೇ.

ಇನ್ನೂ ಮುಂದೆ ಹೋಗಿ. 1200 ಚದರಡಿ ಮನೆಗೆ ಚದರಡಿಗೆ 0.4 ಚೀಲ ಹಿಡಿದರೆ 480. ಪೋಲಾಗುವುದು ಸೇರಿಸಿ 500 ಎನ್ನಿ. ಉಳಿತಾಯ 15,000. ಮನೆ ಖರ್ಚು 28 ಲಕ್ಷ ಇದ್ದರೆ ಇದು ಅರ್ಧ ಪರ್ಸೆಂಟ್. ಬಾತ್‌ರೂಮ್ ಟೈಲ್ಸ್ ಆರಿಸಲು ಹೆಂಡತಿ ಜೊತೆ ಒಂದು ಸಲ ಶೋರೂಮ್‌ಗೆ ಹೋದರೆ ಇದರ ಮೂರು ಪಟ್ಟು ಹೋಗುತ್ತದೆ.

ಬೆಂಗಳೂರಿನ ಮಾಳಮಡ್ಡಿ ಹುಡುಗಿ
ಸರ್, ನಮ್ಮ ಮನೆಯಲ್ಲಿ ದುಬಾರಿ ಟೈಲ್ಸ್ ಆರಿಸಿದ್ದು ಅಪ್ಪ. ಅವ್ವ ಶಾಬಾದಿ ಫರಸಿ ಸಾಕು ಎಂದಿದ್ದಳು.

ಸಪ್ತಾಪುರ ಸರ್
ತಪ್ಪಾಯಿತು ತಾಯಿ.

ಬೈಪಾಸ್ ಅಂಗಡಿ
ಸರ್, ನಿಮಗೆ ಒಂದು ಚಹಾ ನನ್ನ ಲೆಕ್ಕದಲ್ಲಿ. ಕಬ್ಬಿಣಕ್ಕೆ ತೆರಿಗೆ ಮೊದಲಿನ ಹಾಗೇ 18. ಅದನ್ನೂ ಇಳಿಸಿದ್ದಾರೆ ಎಂದು ದಿನಕ್ಕೊಬ್ಬರು ವಾದಕ್ಕೆ ಬರುತ್ತಾರೆ.

ಗೌಂಡಿ ಮಗ, ಹಾವೇರಿ
ಎಲ್ಲರೂ ಸಿಮೆಂಟ್ ಲೆಕ್ಕ ಹಾಕುತ್ತಿದ್ದೀರಿ. ಕೈ ಲೆಕ್ಕ ಯಾರೂ ಹಾಕಲಿಲ್ಲ.

ನಮ್ಮಪ್ಪ 30 ವರ್ಷ ಗೌಂಡಿ ಕೆಲಸ ಮಾಡಿದ. ನಾನು ಮಾಡಲಿಲ್ಲ, ಡಿಪ್ಲೊಮಾ ಮಾಡಿ ರೆಡಿಮಿಕ್ಸ್ ಘಟಕದಲ್ಲಿದ್ದೇನೆ. ನಮ್ಮೂರಿನ ಕೇರಿಯಲ್ಲಿ ಓರಣವಾಗಿ ಗಿಲಾವು ಮಾಡುವವರು ಹದಿನೈದು ಮಂದಿ ಇದ್ದರು. ಈಗ ನಾಲ್ವರು. ಉಳಿದವರು ಗೋವಾ, ಮಂಗಳೂರು, ಬೆಂಗಳೂರು. 2020ರ ಲಾಕ್‌ಡೌನ್‌ನಲ್ಲಿ ಗೋವಾದಿಂದ ಎಲ್ಲರೂ ವಾಪಸ್ ಬಂದಿದ್ದರು. ಆ ವರ್ಷ ಊರಿನಲ್ಲಿ ಮನೆ ಕಟ್ಟಿಸಿದವರಿಗೆ ಹಬ್ಬ. ಆಮೇಲೆ ಒಬ್ಬೊಬ್ಬರೇ ಮತ್ತೆ ಹೋದರು. ಅಲ್ಲಿ ದೊಡ್ಡ ಸೈಟಿನಲ್ಲಿ ತಿಂಗಳುಗಟ್ಟಲೆ ಕೆಲಸ ಒಂದೇ ಕಡೆ. ಇಲ್ಲಿ ಸಣ್ಣ ಮನೆಯಲ್ಲಿ ನಾಲ್ಕು ದಿನ ಕೆಲಸ, ಮಾಲೀಕರ ದುಡ್ಡು ಖಾಲಿ, ಹದಿನೈದು ದಿನ ಬಂದ್. ದೇಶದಲ್ಲಿ ಕಟ್ಟಡ ಕೆಲಸ ಬೆಳೆದಷ್ಟೂ ನಮ್ಮೂರ ಗೌಂಡಿ ನಮ್ಮೂರಿಗೆ ಸಿಗುವುದಿಲ್ಲ. ಅದೂ ಬೆಳವಣಿಗೆಯೇ.

ಇನ್ನೊಂದು ಮಾತು. ಕಟ್ಟಡದ ಖರ್ಚಿನ ಮೇಲೆ ಕಾರ್ಮಿಕರ ಕಲ್ಯಾಣಕ್ಕೆಂದು 1% ಸೆಸ್ ಇದೆ. 1996ರ ಕಾನೂನಿನಿಂದ ಬಂದದ್ದು. ವರ್ಷಕ್ಕೆ 90 ದಿನ ಕೆಲಸ ಮಾಡಿದವರು ಅದರ ಸೌಲಭ್ಯಕ್ಕೆ ಕಾರ್ಮಿಕ ಕಾರ್ಡ್ ಮಾಡಿಸಬಹುದು. ಅಪ್ಪನಿಗೆ 90 ದಿನದ ಕಾಗದ ಬರೆದುಕೊಡಲು ಒಬ್ಬ ಮಾಲೀಕರೂ ಮುಂದೆ ಬರಲಿಲ್ಲ. ವಾಸ್ತುಶಾಂತಿಯಲ್ಲಿ ಅಂಗಿ, ಟವೆಲ್ ಮಾತ್ರ ತಪ್ಪದೆ ಕೊಟ್ಟರು.

ಇಂಜಿನಿಯರ್ ಕಾಕಾ
ಇದನ್ನು ಓದಿ ಸುಮ್ಮನಾದೆ. ನಾನೂ ಎಷ್ಟೋ ಸೈಟ್ ನಡೆಸಿದ್ದೇನೆ, ಕಾಗದ ಬರೆದುಕೊಟ್ಟದ್ದು ಎರಡು ಮೂರು ಸಲ.

30×50
ನಾನು ಕಟ್ಟಿಸಿದವನು, ಹಾಗಾಗಿ ಬೈಪಾಸ್ ಅಣ್ಣನ ಪ್ರಶ್ನೆಗೆ ನೇರ ಉತ್ತರ ನನ್ನ ಹತ್ತಿರ ಇದೆ: ಲೈಟ್ ಕನೆಕ್ಷನ್.

ಮನೆ ಮುಗಿದು ಏಳು ತಿಂಗಳಾಯಿತು. ಮೀಟರ್ ಕೇಳಲು ಹೋದರೆ ಒಸಿ, ಅಂದರೆ ಮನೆ ವಾಸಕ್ಕೆ ಯೋಗ್ಯ ಎನ್ನುವ ಪ್ರಮಾಣಪತ್ರ, ತನ್ನಿ ಎಂದರು. ಒಸಿ ಕೇಳಲು ಹೋದರೆ ನಕ್ಷೆಯಲ್ಲಿ ಒಂದೂವರೆ ಅಡಿ ಜಾಗ ಬಿಟ್ಟಿಲ್ಲ ಎಂದರು. ಬಿಟ್ಟಿಲ್ಲ, ನಿಜ. ನಮ್ಮ ಸಾಲಿನಲ್ಲಿ ಯಾರೂ ಬಿಟ್ಟಿಲ್ಲ. ಇನ್ನೂ ತಾತ್ಕಾಲಿಕ ಕನೆಕ್ಷನ್ ಮೇಲೆ ಇದ್ದೇವೆ, ಬಿಲ್ಲು ನೋಡಿದರೆ ಎದೆ ಝಲ್ ಎನ್ನುತ್ತದೆ. ಇದನ್ನು ನೋಡಿಯೇ ನನ್ನ ಭಾವ ತನ್ನ ಪಾಯಾ ಕೆಲಸ ನಿಲ್ಲಿಸಿದ. ಅವನ ಬೀಗರೂ ನಿಲ್ಲಿಸಿದರು. ಒಂದು ಮನೆ ನೋಡಿ ಮೂರು ಮನೆ ನಿಂತವು.

ನವನಗರ ನಿವಾಸಿ
ಇದು ಬರೀ ನಮ್ಮ ರಾಜ್ಯದ ಕಿರುಕುಳ ಅಲ್ವಾ?

ಸಪ್ತಾಪುರ ಸರ್
ಅಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಅಥವಾ ಒಸಿ ನೋಡಿಯೇ ಕರೆಂಟು, ನೀರು, ಒಳಚರಂಡಿ ಕೊಡಬೇಕು ಎಂದು. ತೀರ್ಪು ಬಂದದ್ದು ಉತ್ತರ ಪ್ರದೇಶದ ಒಂದು ಕೇಸಿನಲ್ಲಿ, ಅನ್ವಯ ದೇಶಕ್ಕೆಲ್ಲ. ಆಮೇಲೆ 2025ರ ಅಕ್ಟೋಬರ್‌ನಲ್ಲಿ ನಮ್ಮ ಸರ್ಕಾರ 1200 ಚದರಡಿವರೆಗಿನ ನಿವೇಶನದ ಮನೆಗಳಿಗೆ ಒಸಿಯಿಂದ ವಿನಾಯಿತಿ ಕೊಡಲು ತೀರ್ಮಾನಿಸಿತು. ನೆಲಮಹಡಿ ಮೇಲೆ ಎರಡು, ಅಥವಾ ಕೆಳಗೆ ಪಾರ್ಕಿಂಗ್ ಬಿಟ್ಟು ಮೇಲೆ ಮೂರು ಮಹಡಿವರೆಗೆ.

30×50
1200 ಎಂದರೆ 30×40. ನನ್ನ ಹೆಸರು ಇನ್ನೊಂದು ಸಲ ಓದಿ ಸರ್.

ಗಿರ್ಮಿಟ್ ಗಿರಾಕಿ
ಹತ್ತು ಅಡಿ ಭಾವನಿಗೆ ಬರೆದುಕೊಟ್ಟುಬಿಡಿ. 😀

ಇಂಜಿನಿಯರ್ ಕಾಕಾ
ನಗಬೇಡಿ. ನಿಯಮ ಯಾಕೆ ಬೇಕು ಎಂದು ಧಾರವಾಡದವರಿಗೆ ಬಿಡಿಸಿ ಹೇಳಬೇಕೇ? 2019ರ ಮಾರ್ಚ್ 19, ಕುಮಾರೇಶ್ವರ ನಗರ. ಇನ್ನೂ ಕಟ್ಟುತ್ತಿದ್ದ ಕಟ್ಟಡ, ಕೆಳಗೆ ಆಗಲೇ ಅಂಗಡಿಗಳು ನಡೆಯುತ್ತಿದ್ದವು. ಕುಸಿದಾಗ 19 ಜನ ಹೋದರು. ದಿನಗಟ್ಟಲೆ ಅವಶೇಷ ತೆಗೆದರು. ಅದರ ಸುದ್ದಿ ಕೇಳಿದಾಗಿನಿಂದ ಯಾರಾದರೂ "ಕಾಲಂ ಸ್ವಲ್ಪ ಸಣ್ಣ ಮಾಡಿ, ಅಂಗಡಿಗೆ ಜಾಗ ಸಿಗುತ್ತದೆ" ಎಂದರೆ ನಾನು ಎದ್ದು ಹೊರಡುತ್ತೇನೆ.

ಬೈಪಾಸ್ ಅಂಗಡಿ
ಆ ವಾರ ಅಂಗಡಿಗೆ ಬಂದವರೆಲ್ಲ ಕಬ್ಬಿಣ ತೂಗಿಸಿ ನೋಡಿದರು. 12 ಎಂಎಂ ಕಂಬಿ ಮೀಟರಿಗೆ 890 ಗ್ರಾಂ ಹತ್ತಿರ ಬರಬೇಕು ಎಂದು ಯಾರೋ ಹೇಳಿಕೊಟ್ಟಿದ್ದರು. ಸರಿಯಾದ ಲೆಕ್ಕವೇ: ಎಂಎಂ ದಪ್ಪದ ವರ್ಗ ಭಾಗಿಸು 162, ಬರುವುದು ಮೀಟರಿಗೆ ಕೆಜಿ. ಎರಡು ತಿಂಗಳಿಗೆ ಎಲ್ಲ ಮರೆತರು. ಮತ್ತೆ "ಅಗ್ಗದ್ದು ಯಾವುದಿದೆ" ಶುರು.

ಗದಗದ ಮಾಳಿಗೆ ಮನೆ
ವಿಷಯ ಬಿಟ್ಟು ಒಂದು ಕೇಳಲೇ? ನಮ್ಮದು ಗದಗ ಹತ್ತಿರ, ಪೂರಾ ಎರಿ ಭೂಮಿ. ಅಜ್ಜ ಕಟ್ಟಿದ ಮಾಳಿಗೆ ಮನೆ 80 ವರ್ಷ ನಿಂತಿದೆ. ಪಕ್ಕದಲ್ಲಿ ಅಣ್ಣ ಕಟ್ಟಿದ ಆರ್‌ಸಿಸಿ ಮನೆ ಮೂರೇ ವರ್ಷಕ್ಕೆ ಬಿರುಕು ಬಿಟ್ಟಿದೆ. ಕಿಟಕಿ ಮೂಲೆಯಿಂದ ಓರೆಯಾಗಿ, ಬೆರಳು ಹೋಗುತ್ತದೆ. ಗುತ್ತಿಗೆದಾರ ಸಿಮೆಂಟ್ ಸರಿಯಿಲ್ಲ ಎನ್ನುತ್ತಾನೆ. ಸಿಮೆಂಟ್‌ನವರು ಉಸುಕು ಸರಿಯಿಲ್ಲ ಎನ್ನುತ್ತಾರೆ. ಉಸುಕಿನವನು ಫೋನ್ ಎತ್ತುವುದಿಲ್ಲ.

ಇಂಜಿನಿಯರ್ ಕಾಕಾ
ವಿಷಯ ಬಿಟ್ಟಿಲ್ಲ, ಇದೇ ವಿಷಯ. ಸಿಮೆಂಟ್, ಉಸುಕು ಎರಡನ್ನೂ ಬೈಯಬೇಡಿ, ಬಹುಶಃ ಮಣ್ಣಿನ ಆಟ. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ನೋಡಿದ್ದೀರಲ್ಲ. ಮನೆ ಕೆಳಗೂ ಅದೇ ನಡೆಯುತ್ತದೆ, ಎಲ್ಲ ಕಡೆ ಒಂದೇ ಸಮ ಅಲ್ಲ. ಒಂದು ಮೂಲೆ ಮೇಲೆ, ಇನ್ನೊಂದು ಕೆಳಗೆ. ಆಗ ಕಿಟಕಿ ಮೂಲೆಯಿಂದ ಓರೆ ಬಿರುಕು ಬರುತ್ತದೆ.

ಮಾಳಿಗೆ ಮನೆ ದಪ್ಪ ಗೋಡೆ, ಮಣ್ಣಿನ ಗಾರೆ, ಮರದ ಜಂತಿ. ನೆಲ ಸ್ವಲ್ಪ ಅಲುಗಿದರೆ ಅದೂ ಜೊತೆಗೆ ಅಲುಗಿ ಸುಮ್ಮನಾಗುತ್ತದೆ. ಬಿಗಿಯಾಗಿ ಕಟ್ಟಿದ್ದು ಬಿರುಕು ಬಿಡುತ್ತದೆ. ಎರಿ ದಾಟಿ ಗಡಸು ನೆಲ ಸಿಗುವವರೆಗೆ ಅಗೆಯಬೇಕು. ತೆಗೆದ ಮಣ್ಣನ್ನೇ ಮತ್ತೆ ತುಂಬಬಾರದು, ಮೊರಂ ತುಂಬಬೇಕು. ಗಡಸು ತುಂಬಾ ಆಳದಲ್ಲಿದ್ದರೆ ಅಂಡರ್-ರೀಮ್ಡ್ ಪೈಲ್, ಅಂದರೆ ಕೆಳತುದಿಯನ್ನು ಅಗಲ ಮಾಡಿದ ಕಂಬ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಅದನ್ನು ಬೆಳೆಸಿತು. ಈಗ ಮನೆಯಾಗಿದೆ, ಹಾಗಾಗಿ ಮೊದಲು ಸುತ್ತ ನೀರು ನಿಲ್ಲದ ಹಾಗೆ ಮಾಡಿ. ಗೋಡೆ ಪಕ್ಕ ದೊಡ್ಡ ಮರ ಇದ್ದರೆ ಅದೂ ಕಾರಣ ಇರಬಹುದು. ಬಿರುಕಿಗೆ ಬರೀ ಪುಟ್ಟಿ ಹಚ್ಚಿ ಬಣ್ಣ ಬಳಿಯಬೇಡಿ.

ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ಹುಬ್ಬಳ್ಳಿಯಿಂದ ಪೂರ್ವಕ್ಕೆ ಎರಿ. ಒಂದೇ ನಕ್ಷೆ, ಪಾಯಾ ಖರ್ಚು ಬೇರೆ. "ಚದರಡಿಗೆ ಇಷ್ಟು" ಎಂದು ದೇಶಕ್ಕೆಲ್ಲ ಒಂದೇ ರೇಟ್ ಹೇಳುವ ವಿಡಿಯೋ ನೋಡಿ ಬಜೆಟ್ ಹಾಕುವವರು ಇಲ್ಲೇ ಮುಗ್ಗರಿಸುತ್ತಾರೆ.

ಗದಗದ ಮಾಳಿಗೆ ಮನೆ
ಬೇವಿನ ಮರ ಇದೆ ಕಾಕಾ. ಆದರೆ ಕಡಿಯಲು ಅವ್ವ ಬಿಡುವುದಿಲ್ಲ.

ಬೆಂಗಳೂರಿನ ಮಾಳಮಡ್ಡಿ ಹುಡುಗಿ
ಅವ್ವ ಹೇಳಿದ್ದೇ ಸರಿ.

ಸಾಲದ ಕೌಂಟರ್
ವಾಣಿಜ್ಯ ಕಟ್ಟಡದ ಮಾತೇ ಬರಲಿಲ್ಲ. ಗೋಕುಲ ರಸ್ತೆ, ವಿದ್ಯಾನಗರ ಸುತ್ತಿ ಬನ್ನಿ, ಕಾಂಪ್ಲೆಕ್ಸ್ ಮೇಲೆ ಕಾಂಪ್ಲೆಕ್ಸ್. ನೆಲಮಹಡಿ ತುಂಬಿದೆ, ಎರಡನೇ ಮಹಡಿ ಗಾಜಿನ ಮೇಲೆ "ಬಾಡಿಗೆಗೆ ಇದೆ". ಬೆಂಗಳೂರಿನಲ್ಲಿ ಆಫೀಸ್ ಜಾಗಕ್ಕೆ ವಿದೇಶಿ ಕಂಪನಿಗಳು ಸಾಲುಗಟ್ಟಿವೆ, ಆ ಸುದ್ದಿ ಓದಿ ಇಲ್ಲಿಯವರು ಕಟ್ಟುತ್ತಾರೆ. ಇಲ್ಲಿ ಬರುವ ಬಾಡಿಗೆದಾರ ಡೆಂಟಿಸ್ಟ್, ಟ್ಯೂಷನ್, ಬಟ್ಟೆ ಅಂಗಡಿ.

ಸಪ್ತಾಪುರ ಸರ್
ನಮ್ಮ ಕಡೆ ಬೇರೆ ಕಥೆ. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಂದಾಗಿ ಮನೆ ಮೇಲೆ ಮನೆ ಏರಿದೆ. ನೆಲಮಹಡಿಯಲ್ಲಿ ಮಾಲೀಕ, ಮೇಲೆ ಎರಡು ಮಹಡಿ ಪಿಜಿ, ತಾರಸಿಯಲ್ಲಿ ಶೀಟು ಹಾಕಿದ ರೀಡಿಂಗ್ ರೂಮ್. ಇದೆಲ್ಲ ಯಾವ ದೇಶದ ಅಂಕಿಯಲ್ಲಿ ಕಾಣುತ್ತದೆ? 500 ಚದರ ಮೀಟರ್ ಮೀರದ ಜಾಗ ಅಥವಾ 8 ಮನೆ ಮೀರದ ಕಟ್ಟಡಕ್ಕೆ ರೇರಾ (ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಪ್ರಾಧಿಕಾರ) ನೋಂದಣಿಯೇ ಬೇಕಿಲ್ಲ. ನಮ್ಮೂರು ಬೆಳೆಯುವುದು ಹೀಗೆ ಮಹಡಿ ಮಹಡಿಯಾಗಿ.

2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ 1.1 ಕೋಟಿ ಮನೆ ಖಾಲಿ ಇದ್ದವು. 2012ರಲ್ಲಿ ಸರ್ಕಾರದ್ದೇ ತಜ್ಞರ ಗುಂಪು ನಗರಗಳಲ್ಲಿ 1.88 ಕೋಟಿ ಮನೆ ಕೊರತೆ ಎಂದಿತು. ಅದರಲ್ಲಿ 95%ಗಿಂತ ಜಾಸ್ತಿ ಬಡವರದ್ದು, ಕಡಿಮೆ ಆದಾಯದವರದ್ದು. ಖಾಲಿಯೂ ಇದೆ, ಕೊರತೆಯೂ ಇದೆ. 2026ರಲ್ಲಿ ಮತ್ತೆ ಮನೆಪಟ್ಟಿ ಮಾಡುತ್ತಾರೆ, ಆಗ ನೋಡೋಣ. ನನ್ನನ್ನೂ ಗಣತಿಗೆ ಹಾಕುತ್ತಾರೆ, ಬಿಡಿ.

ನವನಗರ ನಿವಾಸಿ
ನಮ್ಮ ಓಣಿಗೆ ಬಂದರೆ ಕಾಂಗ್ರೆಸ್ ಗಿಡವನ್ನೂ ಎಣಿಸಿ ಸರ್.

ಗೌಂಡಿ ಮಗ, ಹಾವೇರಿ
ಬೈಪಾಸ್ ಅಣ್ಣಾ, ಸಪ್ತಾಪುರ ಸರ್ ಹೇಳಿದ್ದರಲ್ಲಿ ನಿಮಗೆ ದಾರಿ ಇದೆ. ಪೂರ್ತಿ ಮನೆ ಕಟ್ಟಿಸುವವರಿಗೆ ಕಾಯಬೇಡಿ. ಮಹಡಿ ಏರಿಸುವವರು, ರಿಪೇರಿ ಮಾಡಿಸುವವರು ಬರುತ್ತಾರೆ. ಅವರಿಗೆ ಒಂದೇ ಸಲ 500 ಚೀಲ ಬೇಡ, 20 ಬೇಕು, ನಾಳೆ ಬೆಳಿಗ್ಗೆ ಏಳಕ್ಕೇ ಬೇಕು. ಅದಕ್ಕೆ ಗೋದಾಮು ಬೇಡ, ಒಂದು ಟಾಟಾ ಏಸ್ ಬೇಕು.

ಬೈಪಾಸ್ ಅಂಗಡಿ
ರಾತ್ರಿ ತಮ್ಮನಿಗೆ ಎಲ್ಲ ಓದಿ ಹೇಳಿದೆ. ಅವನಿಗೆ ಟಾಟಾ ಏಸ್ ಮಾತು ಹಿಡಿಸಿತು, ಏಕೆಂದರೆ ಓಡಿಸುವವನು ಅವನೇ. ಗೋದಾಮು ಬೇಡ ಎಂದು ಮಾಲೀಕರಿಗೆ ಇವತ್ತು ಹೇಳಿದೆ. ಚಹಾ ಕುಡಿಸಿದರು. ಇಲ್ಲಿಯವರೆಗೆ ಕೇಳಿದವರಲ್ಲಿ ನಾನು ನಾಲ್ಕನೆಯವನಂತೆ.

30×50
ಆ 38 ಚೀಲ ಏನು ಮಾಡಿದಿರಿ? ಅಗ್ಗಕ್ಕೆ ಕೊಟ್ಟರೆ ಕಂಪೌಂಡಿಗೆ ಒಯ್ಯುತ್ತೇನೆ.

ಇಂಜಿನಿಯರ್ ಕಾಕಾ
ಬೇಡ ತಮ್ಮಾ. ಕೈಯಲ್ಲಿ ಹಿಚುಕಿದರೆ ಪುಡಿಯಾಗುವ ಗಂಟು ಬೇರೆ. ಕಲ್ಲಾಗಿದ್ದನ್ನು ಒಡೆದು ಜರಡಿ ಹಿಡಿದು ಹಾಕಿದರೆ ಹಿಡಿತ ಬರುವುದಿಲ್ಲ. ಚೆನ್ನಾಗಿ ಇಟ್ಟ ಚೀಲವೇ ಮೂರು ತಿಂಗಳಿಗೆ ಐದನೇ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ.

ಬೈಪಾಸ್ ಅಂಗಡಿ
ಕೊಡುವುದಿಲ್ಲ ಕಾಕಾ, ಹೆದರಬೇಡಿ. ಅಂಗಡಿ ಮುಂದಿನ ಗಟಾರದ ಪಕ್ಕ ಚೀಲ ಸಮೇತ ಎರಡು ಸಾಲು ಜೋಡಿಸಿದ್ದೇನೆ. ಒಳ್ಳೆ ಕಟ್ಟೆಯಾಗಿದೆ. ಬೆಳಿಗ್ಗೆಯಿಂದ ಮೂವರು ಬಂದು ಕೂತಿದ್ದಾರೆ, ಮೂವರೂ ಗೋವಾ ಬಸ್ಸಿಗೆ ಕಾಯುತ್ತಿರುವ ಗೌಂಡಿಗಳು.